ಬಳಸಿದ ಡಿಜಿಟಲ್ ಕ್ಯಾಮೆರಾ: ಸವೆತ ನೋಡುವುದು ಹೇಗೆ, ಯಾವ ರಿಪೇರಿ ನಿಮ್ಮ ಕೈಯಲ್ಲಿ ಆಗುತ್ತದೆ

ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಅಂದ ತಕ್ಷಣ ಎಲ್ಲರೂ ಮೊದಲು ಕೇಳುವುದು ಶಟರ್ ಕೌಂಟ್, ಅಂದರೆ ಶಟರ್ ಎಷ್ಟು ಸಲ ಓಡಿದೆ ಅನ್ನೋ ಎಣಿಕೆ, ಎಷ್ಟು ಅಂತ. ಕೇಳಲೇಬೇಕು. ಆದರೆ ಅದೊಂದೇ ಅಂಕಿ ನೋಡಿಕೊಂಡು ಕ್ಯಾಮೆರಾ ಆರಿಸಬೇಡಿ. ಲಕ್ಷಕ್ಕೂ ಜಾಸ್ತಿ ಫೋಟೊ ತೆಗೆದು, ಒಣಗಿದ ಜಾಗದಲ್ಲಿ ಜೋಪಾನವಾಗಿ ಇಟ್ಟ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇನ್ನೂ ವರ್ಷಗಟ್ಟಲೆ ಓಡಬಹುದು. ಕೆಲವೇ ಸಾವಿರ ಫೋಟೊ ತೆಗೆದು, ತೇವದ ಕಪಾಟಿನಲ್ಲಿ ಬ್ಯಾಟರಿ ಸಮೇತ ಮುಚ್ಚಿಟ್ಟ ಬಾಡಿ ಒಳಗೊಳಗೇ ತುಕ್ಕು ಹಿಡಿದು ಕೂತಿರಬಹುದು. ನೀರು, ಉಪ್ಪಿನ ಗಾಳಿ, ಬೂಷ್ಟು, ಬಿದ್ದ ಪೆಟ್ಟು, ಸೋರಿದ ಬ್ಯಾಟರಿ, ಅರ್ಧಂಬರ್ಧ ಗೊತ್ತಿದ್ದವರು ಬಿಚ್ಚಿ ಮುಚ್ಚಿದ್ದು, ಇವುಗಳಿಂದ ಹಾಳಾಗುವ ಕ್ಯಾಮೆರಾಗಳೇ ಜಾಸ್ತಿ. ಅವು ಯಾವುದೂ ಶಟರ್ ಕೌಂಟ್‌ನಲ್ಲಿ ಕಾಣಿಸುವುದಿಲ್ಲ.

ಆದರೂ ಶುರು ಅಲ್ಲಿಂದಲೇ ಮಾಡೋಣ. ಚಿತ್ರ ಹಿಡಿಯುವ ಚಿಪ್, ಅಂದರೆ ಸೆನ್ಸರ್, ಅದರ ಮುಂದೆ ತೆರೆದು ಮುಚ್ಚುವ ತೆಳು ಪರದೆಗಳೇ ಶಟರ್. ಪ್ರತಿ ಫೋಟೊಗೂ ಓಡುವ ಭಾಗ, ಹಾಗಾಗಿ ಸವೆಯುತ್ತದೆ. ಕಂಪನಿಗಳು ಪರೀಕ್ಷೆ ಮಾಡಿ ಒಂದು ಅಂಕಿ ಹೇಳುತ್ತವೆ. ಕ್ಯಾನನ್ 6ಡಿಗೆ 1 ಲಕ್ಷ, ನಿಕಾನ್ ಡಿ750ಗೆ 1.5 ಲಕ್ಷ, ಡಿ850ಗೆ 2 ಲಕ್ಷ, ಪತ್ರಿಕೆಯವರು ಬಳಸುವ ನಿಕಾನ್ ಡಿ5 ತರದ ದೊಡ್ಡ ಬಾಡಿಗೆ 4 ಲಕ್ಷ. ಆ ಅಂಕಿ ದಾಟಿದ ಮರುದಿನ ಶಟರ್ ಸಾಯುತ್ತದೆ ಅಂತ ಏನೂ ಇಲ್ಲ. ಅದಕ್ಕೂ ಎಷ್ಟೋ ಮುಂದೆ ಓಡಿದವು ಇವೆ, ಅರ್ಧ ದಾರಿಯಲ್ಲೇ ನಿಂತವೂ ಇವೆ.

ಕೌಂಟ್ ನೋಡುವುದು ಒಂದೊಂದು ಕಂಪನಿಗೆ ಒಂದೊಂದು ತರ. ನಿಕಾನ್ ಮತ್ತು ಪೆಂಟಾಕ್ಸ್ ಪ್ರತಿ ಫೋಟೊ ಫೈಲ್ ಒಳಗೇ ಬರೆದಿಡುತ್ತವೆ. ಎಕ್ಸಿಫ್‌ಟೂಲ್ ಅನ್ನೋ ಉಚಿತ ಸಾಫ್ಟ್‌ವೇರಿಗೆ ಫೈಲ್ ಕೊಟ್ಟರೆ ಸಾಕು, ತೋರಿಸಿಬಿಡುತ್ತದೆ. ಸೋನಿಯ ಎಷ್ಟೋ ಮಾಡೆಲ್‌ಗಳದ್ದನ್ನೂ ಅದೇ ಓದುತ್ತದೆ. ಕ್ಯಾನನ್‌ನ ಹೆಚ್ಚಿನ ಬಾಡಿಗಳು ಫೈಲಿನಲ್ಲಿ ಬರೆಯುವುದಿಲ್ಲ, ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಾಕಿ ಬೇರೆ ಸಾಫ್ಟ್‌ವೇರ್‌ನಿಂದ ಓದಬೇಕು. ಮಾರುವವರು ದೂರದಲ್ಲಿದ್ದರೆ ಆಗಷ್ಟೇ ತೆಗೆದ, ಎಡಿಟ್ ಮಾಡದ ಮೂಲ ಫೈಲ್ ಕೇಳಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಬರೆದ ಕಚ್ಚಾ ಫೈಲ್) ಆದರೆ ಇನ್ನೂ ಒಳ್ಳೆಯದು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ತರ ಕಳಿಸಿದರೆ ಒಳಗಿನ ಮಾಹಿತಿ ಎಲ್ಲ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೈಲಿನ ಹೆಸರಲ್ಲಿರುವ ನಂಬರ್ ನೋಡಿ ಮೋಸ ಹೋಗಬೇಡಿ. ಅದು 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ, ಬೇಕಾದಾಗ ಮೆನುವಿನಲ್ಲೇ ರೀಸೆಟ್ ಕೂಡ ಮಾಡಬಹುದು.

ಇನ್ನೊಂದು ವಿಷಯ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಎಲೆಕ್ಟ್ರಾನಿಕ್ ಶಟರ್‌ನಿಂದ ತೆಗೆದ ಫೋಟೊಗಳಿಗೆ ಪರದೆ ಓಡುವುದೇ ಇಲ್ಲ. ವಿಡಿಯೊ ಎಷ್ಟು ಗಂಟೆ ಓಡಿತು ಅನ್ನೋದನ್ನೂ ಈ ಎಣಿಕೆ ಹೇಳುವುದಿಲ್ಲ. ದಿನವಿಡೀ ವಿಡಿಯೊ ಮಾಡಿ ಬಿಸಿಯಾಗಿ ಬಿಸಿಯಾಗಿ ಬಳಲಿದ ಬಾಡಿಯ ಶಟರ್ ಕೌಂಟ್ ತೀರಾ ಕಡಿಮೆ ಇರಬಹುದು. ಹಾಗಾಗಿ ಕಣ್ಣಿಗೆ ಕೆಲಸ ಕೊಡಬೇಕು.

ಬಾಡಿ ನೋಡುವ ಬಗೆ

ಮೂಲೆಗಳಲ್ಲಿ ಬಣ್ಣ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಕೈಯ ಮತ್ತು ಚೀಲದ ಉಜ್ಜಾಟ. ನೋಡಬೇಕಾದ್ದು ಬೇರೆ ಕಡೆ. ಫ್ಲ್ಯಾಶ್ ಕೂರುವ ಹಾಟ್ ಶೂನಲ್ಲಿ ಬಣ್ಣ ಪೂರ್ತಿ ಸವೆದು ಲೋಹ ಕಾಣುತ್ತಿದ್ದರೆ ಫ್ಲ್ಯಾಶ್ ಹಾಕುವುದು ತೆಗೆಯುವುದು ಪದೇಪದೇ ನಡೆದಿದೆ, ಮದುವೆ, ಸಮಾರಂಭಗಳ ಕೆಲಸ ಮಾಡಿರುವ ಸಾಧ್ಯತೆ ಜಾಸ್ತಿ. ತಳದಲ್ಲಿ ಟ್ರೈಪಾಡ್ ಪ್ಲೇಟಿನ ಗೀರುಗಳು, ಲೆನ್ಸ್ ಮೌಂಟಿನ ಉಂಗುರದಲ್ಲಿ ಸವೆದ ಗೆರೆಗಳು, ಅಕ್ಷರ ಅಳಿಸಿದ ಬಟನ್, ನುಣುಪಾಗಿ ಹೊಳೆಯುವ ಗ್ರಿಪ್, ಇವೆಲ್ಲ ಒಟ್ಟಿಗೆ ಸೇರಿ ಒಂದೇ ಮಾತು ಹೇಳಬೇಕು. ಕೌಂಟ್ 5 ಸಾವಿರ ಅಂತಿದೆ, ಬಾಡಿ ಮಾತ್ರ ಹತ್ತು ವರ್ಷ ದುಡಿದ ಹಾಗೆ ಇದೆ ಅಂದರೆ, ಒಂದೋ ಶಟರ್ ಬದಲಾಗಿ ಎಣಿಕೆ ಹೊಸದಾಗಿ ಶುರುವಾಗಿದೆ, ಇಲ್ಲ ನಿಮಗೆ ಕಳಿಸಿದ ಫೋಟೊ ಬೇರೆ ಕ್ಯಾಮೆರಾದ್ದು. ಫೋಟೊ ಫೈಲಿನಲ್ಲಿ ಸೀರಿಯಲ್ ನಂಬರ್ ಕೂಡ ಇರುತ್ತದೆ, ಬಾಡಿ ಮೇಲಿನ ನಂಬರಿಗೆ ತಾಳೆ ನೋಡಿ. ಎರಡು ನಿಮಿಷದ ಕೆಲಸ, ಆದರೆ ಯಾರೂ ಮಾಡುವುದಿಲ್ಲ.

ಆಮೇಲೆ ಸ್ಕ್ರೂಗಳು. ನನ್ನ ಮಟ್ಟಿಗೆ ಬಾಡಿ ಮೇಲಿನ ಅತಿ ಪ್ರಾಮಾಣಿಕ ಸಾಕ್ಷಿ ಇವೇ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ತಪ್ಪು ಸ್ಕ್ರೂಡ್ರೈವರ್ ಹಿಡಿದು ಒಳಗೆ ಕೈ ಹಾಕಿದ್ದಾರೆ. ಜಪಾನಿ ಕ್ಯಾಮೆರಾಗಳಲ್ಲಿ ಇರುವುದು ಜೆಐಎಸ್ ಮಾದರಿಯ ಸ್ಕ್ರೂ. ನೋಡಲು ಫಿಲಿಪ್ಸ್ ತರವೇ ಇರುತ್ತದೆ, ಆದರೆ ಫಿಲಿಪ್ಸ್ ಡ್ರೈವರ್ ಅದರಲ್ಲಿ ಸರಿಯಾಗಿ ಕೂರದೆ ಜಾರಿ ತಲೆ ತಿಂದುಬಿಡುತ್ತದೆ. ಸ್ಕ್ರೂ ಮೇಲೆ ಕೆಂಪು ತುಕ್ಕು ಕಂಡರೆ ನೀರು ಅಥವಾ ತೇವ ತಾಗಿದೆ ಅಂತ ಅರ್ಥ. ಬ್ಯಾಟರಿ ಬಾಗಿಲು ತೆಗೆದು ಟಾರ್ಚ್ ಬಿಡಿ, ಹಸಿರು ಅಥವಾ ಬಿಳಿ ಪುಡಿ ಇದೆಯಾ ನೋಡಿ. ಮೂಸಿಯೂ ನೋಡಿ, ಬೂಷ್ಟಿನ ವಾಸನೆ ಮೂಗಿಗೆ ಮೊದಲು ಗೊತ್ತಾಗುತ್ತದೆ. ಸಮುದ್ರದ ನೀರು ಒಳಗೆ ಹೋದ ಕ್ಯಾಮೆರಾ ಇವತ್ತು ಚೆನ್ನಾಗಿ ಓಡುತ್ತಿದ್ದರೂ ಬೇಡ. ಉಪ್ಪು ಒಳಗಿನ ಸರ್ಕ್ಯೂಟ್ ಬೋರ್ಡನ್ನು ಸುಮ್ನೆ ಬಿಡುವುದಿಲ್ಲ.

ಸಿಎಫ್ (ಕಾಂಪ್ಯಾಕ್ಟ್‌ಫ್ಲ್ಯಾಶ್) ಮೆಮೊರಿ ಕಾರ್ಡ್ ಹಾಕುವ ಹಳೇ ಬಾಡಿ ಆದರೆ ಸ್ಲಾಟಿನ ಒಳಗೆ 50 ಸಣ್ಣ ಪಿನ್ ಇರುತ್ತವೆ, ಒಂದೂ ಬಾಗಿರಬಾರದು. ಲೆನ್ಸಿನ ಮುಂದಿನ ಫಿಲ್ಟರ್ ಉಂಗುರ ಜಜ್ಜಿದ್ದರೆ ಬಿದ್ದಿದೆ, ಮಾರುವವರು ಏನೇ ಹೇಳಲಿ. ಕ್ಯಾಮೆರಾ ಆಫ್ ಇದ್ದಾಗ ಅಲ್ಲಾಡಿಸಿದರೆ ಒಳಗೆ ಲಟಲಟ ಸದ್ದು ಬರುತ್ತದಾ? ಎಲ್ಲ ಸಲವೂ ಹೆದರಬೇಕಿಲ್ಲ. ಬಾಡಿಯಲ್ಲೇ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಎಷ್ಟೋ ಮಾಡೆಲ್‌ಗಳಲ್ಲಿ ಆಫ್ ಮಾಡಿದಾಗ ಸೆನ್ಸರ್ ಸಡಿಲವಾಗಿ ತೇಲುತ್ತಿರುತ್ತದೆ. ಆನ್ ಮಾಡಿದ ಮೇಲೆ ಸದ್ದು ನಿಲ್ಲಬೇಕು.

ಮಾಡೆಲ್‌ಗೆ ಅಂಟಿಕೊಂಡ ಕಾಯಿಲೆಗಳೂ ಇವೆ. 2012ರಲ್ಲಿ ಬಂದ ನಿಕಾನ್ ಡಿ600ನಲ್ಲಿ ಸೆನ್ಸರ್ ಮೇಲೆ ಮತ್ತೆ ಮತ್ತೆ ಕಲೆ ಬೀಳುತ್ತಿತ್ತು, ಮುಂದಿನ ವರ್ಷವೇ ಡಿ610 ಬಂತು. ಹಳೇ ಕ್ಯಾನನ್ 5ಡಿಯಲ್ಲಿ ಮಿರರ್ (ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ಗೆ ಬೆಳಕು ಕಳಿಸುವ ಒಳಗಿನ ಕನ್ನಡಿ) ಅಂಟು ಬಿಟ್ಟು ಕಳಚಿ ಬೀಳುತ್ತಿತ್ತು. ಲೈಕಾ ಎಂ9ರಲ್ಲಿ ಸೆನ್ಸರ್ ಮೇಲಿನ ಗಾಜೇ ತೇವಕ್ಕೆ ತಿಂದುಹೋಗುತ್ತಿತ್ತು. ಪೆಂಟಾಕ್ಸ್ ಕೆ-30, ಕೆ-50ಗಳಲ್ಲಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ರಂಧ್ರ) ಓಡಿಸುವ ಭಾಗ ಸಿಕ್ಕಿಕೊಂಡು ಫೋಟೊ ಕಪ್ಪಾಗುತ್ತದೆ. ಕೊಳ್ಳುವ ಮುಂಚೆ ಆ ಮಾಡೆಲಿನ ಕಾಯಿಲೆ ಯಾವುದು, ಇದರಲ್ಲಿ ಅದು ರಿಪೇರಿ ಆಗಿದೆಯಾ ಕೇಳಿ. ರಿಪೇರಿ ಆಗಿದ್ದರೆ ಧೈರ್ಯವಾಗಿ ಕೊಳ್ಳಬಹುದು.

ಓಡಿಸಿ ನೋಡುವುದು

ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಒಂದು ಟಾರ್ಚ್ ಜೊತೆಯಲ್ಲಿರಲಿ. ಹಗಲಲ್ಲೇ ಹೋಗಿ. ಯಾಕೆ ಅಂದರೆ ಶಟರ್ ಪರೀಕ್ಷೆಗೆ ಸೂರ್ಯನ ಬೆಳಕು ಬೇಕು. ಬಿಳಿ ಗೋಡೆ ಅಥವಾ ಖಾಲಿ ಆಕಾಶಕ್ಕೆ ಹಿಡಿದು, ಕ್ಯಾಮೆರಾದ ಅತಿ ವೇಗದ ಶಟರ್‌ನಲ್ಲಿ, ಅಂದರೆ 1/4000 ಅಥವಾ 1/8000 ಸೆಕೆಂಡಿನಲ್ಲಿ, ಸಾಲಾಗಿ ಒಂದಷ್ಟು ಫೋಟೊ ತೆಗೆಯಿರಿ. ಎಲ್ಲ ಫೋಟೊ ಒಂದೇ ಸಮ ಬೆಳಕಾಗಿರಬೇಕು. ಒಂದು ಅಂಚು ಕಪ್ಪಾಗಿದ್ದರೆ, ಅಥವಾ ಕೆಲವು ಫೋಟೊ ಮಾತ್ರ ಕಪ್ಪಾದರೆ, ಎರಡು ಪರದೆಗಳ ಹೊಂದಾಣಿಕೆ ತಪ್ಪಿದೆ, ಶಟರ್ ಹೋಗುವ ದಾರಿಯಲ್ಲಿದೆ. ಇದನ್ನೇ ಎಲ್‌ಇಡಿ ಅಥವಾ ಟ್ಯೂಬ್‌ಲೈಟ್ ಬೆಳಕಲ್ಲಿ ಮಾಡಿದರೆ ಚೆನ್ನಾಗಿರುವ ಕ್ಯಾಮೆರಾದಲ್ಲೂ ಪಟ್ಟೆ ಬರುತ್ತದೆ, ದೀಪ ಮಿನುಗುವುದರಿಂದ. ಅದನ್ನು ನೋಡಿ ಒಳ್ಳೇ ಬಾಡಿ ಬಿಟ್ಟು ಬರಬೇಡಿ.

ಸೆನ್ಸರ್ ಧೂಳು ನೋಡಲು ಅಪರ್ಚರ್ ಎಫ್/16 ಅಥವಾ ಎಫ್/22, ಐಎಸ್‌ಒ 100, ಫೋಕಸ್ ಬೇಕಂತಲೇ ಕೆಡಿಸಿ, ಅದೇ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಕೈ ಸ್ವಲ್ಪ ಅಲ್ಲಾಡಿದರೂ ಪರವಾಗಿಲ್ಲ, ಗೋಡೆಯ ಕಲೆಗಳು ಅಳಿಸಿ ಧೂಳು ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಬೂದು ಬಣ್ಣದ ಮಸುಕು ಚುಕ್ಕೆ ಅಂದರೆ ಧೂಳು, ಒರೆಸಿದರೆ ಹೋಗುತ್ತದೆ. ಗೆರೆ ಗೆರೆಯಾಗಿ, ಅಂಚು ಬೆಳ್ಳಗಿದ್ದರೆ ಗೀರು ಬಿದ್ದಿರಬಹುದು, ಅಂಥದ್ದು ಬೇಡ. ವ್ಯೂಫೈಂಡರ್‌ನಲ್ಲಿ ಕಾಣುವ ಧೂಳಿಗೂ ಫೋಟೊಗೂ ಸಂಬಂಧವೇ ಇಲ್ಲ.

ಆಮೇಲೆ ಲೆನ್ಸ್ ಕ್ಯಾಪ್ ಮುಚ್ಚಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಕೆಲವು ಸೆಕೆಂಡಿನ ಎಕ್ಸ್‌ಪೋಷರ್ ಕೊಡಿ. ಕೆಂಪು, ನೀಲಿ ಚುಕ್ಕೆಗಳು ಒಂದಷ್ಟು ಇದ್ದೇ ಇರುತ್ತವೆ, ಎಲ್ಲ ಸೆನ್ಸರಿನಲ್ಲೂ. ಆದರೆ ಮಾಮೂಲಿ ಫೋಟೊದಲ್ಲೂ ಕಾಣುವಷ್ಟಿದ್ದರೆ, ಅಥವಾ ಉದ್ದಕ್ಕೂ ಒಂದು ಗೆರೆ ಬಂದರೆ ಯೋಚಿಸಿ. ಒಲಿಂಪಸ್ ಕ್ಯಾಮೆರಾಗಳ ಮೆನುವಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್, ಪ್ಯಾನಸಾನಿಕ್‌ನಲ್ಲಿ ಪಿಕ್ಸೆಲ್ ರಿಫ್ರೆಶ್ ಅಂತ ಇರುತ್ತದೆ, ಚುಕ್ಕೆಗಳನ್ನು ಅದು ಮುಚ್ಚಿಹಾಕುತ್ತದೆ. 2000ದ ದಶಕದ ಆರಂಭದ ಪುಟಾಣಿ ಕ್ಯಾಮೆರಾ ಕೊಳ್ಳುವವರು ಒಂದು ನೆನಪಿಡಿ. ಆ ಕಾಲದ ಕೆಲವು ಸಿಸಿಡಿ (ಹಳೇ ಬಗೆಯ) ಸೆನ್ಸರ್‌ಗಳು ಬಿಸಿ ಮತ್ತು ತೇವಕ್ಕೆ ಕೈಕೊಡುತ್ತಿದ್ದವು, 2005ರಲ್ಲಿ ಹಲವು ಕಂಪನಿಗಳು ಇದಕ್ಕಾಗಿ ಎಚ್ಚರಿಕೆ ಕೊಟ್ಟಿದ್ದವು. ನೇರಳೆ ಬಣ್ಣದ ಗೆರೆ ಗೆರೆ ಚಿತ್ರ ಬಂದರೆ ಅಥವಾ ಚಿತ್ರ ಪೂರ್ತಿ ಕಪ್ಪಾದರೆ ಅದೇ ಕಾಯಿಲೆ. ಮೆನು ಚೆನ್ನಾಗಿಯೇ ಕಾಣುತ್ತದೆ, ಚಿತ್ರ ಮಾತ್ರ ಬರುವುದಿಲ್ಲ.

ಒಳಗೆ ಮಿರರ್ ಇರುವ ಎಸ್‌ಎಲ್‌ಆರ್ ಆದರೆ ಫೋಕಸ್ ಎರಡು ಸಲ ನೋಡಿ. ಅಪರ್ಚರ್ ಪೂರ್ತಿ ತೆರೆದು ಒಂದೇ ವಸ್ತುವನ್ನು ವ್ಯೂಫೈಂಡರ್‌ನಿಂದ ಒಮ್ಮೆ, ಹಿಂದಿನ ಡಿಸ್‌ಪ್ಲೇ ನೋಡಿ ತೆಗೆಯುವ ಲೈವ್ ವ್ಯೂನಿಂದ ಒಮ್ಮೆ ತೆಗೆಯಿರಿ. ಲೈವ್ ವ್ಯೂದು ಸ್ಪಷ್ಟ, ವ್ಯೂಫೈಂಡರ್‌ದು ಮಸುಕು ಅಂದರೆ ಫೋಕಸ್ ಹಿಂದೆ ಮುಂದೆ ಆಗಿದೆ ಅಷ್ಟೇ. ಮಧ್ಯಮ ಮಟ್ಟದಿಂದ ಮೇಲಿನ ಎಷ್ಟೋ ಬಾಡಿಗಳಲ್ಲಿ ಮೆನುವಿನಿಂದಲೇ ಸರಿ ಮಾಡಬಹುದು. ಎರಡೂ ಮಸುಕಾದರೆ ಲೆನ್ಸ್ ಮೇಲೆ ಅನುಮಾನ ಪಡಿ. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಮೊದಲು ಲೆನ್ಸ್ ಕಾಂಟ್ಯಾಕ್ಟ್ (ಲೆನ್ಸ್ ಬಾಡಿಗೆ ತಾಗುವ ಲೋಹದ ಚುಕ್ಕೆಗಳು) ಒರೆಸಿ ನೋಡಿ. ಹಳೇ ಲೆನ್ಸ್ ಹಾಕಿದ ನಿಕಾನ್‌ನಲ್ಲಿ ಎಫ್‌ಇಇ ಅಂತ ಬಂದರೆ ಕ್ಯಾಮೆರಾ ಕೆಟ್ಟಿಲ್ಲ, ಲೆನ್ಸಿನ ಅಪರ್ಚರ್ ಉಂಗುರವನ್ನು ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿ ಲಾಕ್ ಮಾಡಬೇಕು ಅಂತ ಹೇಳುತ್ತಿದೆ.

ಉಳಿದಿದ್ದು ಬೇಗ ಮುಗಿಯುತ್ತದೆ. ಪ್ರತಿ ಬಟನ್ ಒತ್ತಿ, ಪ್ರತಿ ಡಯಲ್ ಎರಡೂ ಕಡೆ ತಿರುಗಿಸಿ. ಹಿಂದೆ ತಿರುಗುವ ಡಿಸ್‌ಪ್ಲೇ ಇದ್ದರೆ ಆನ್ ಇಟ್ಟುಕೊಂಡೇ ಎಲ್ಲ ಕೋನಕ್ಕೂ ತಿರುಗಿಸಿ ನೋಡಿ, ಯಾವುದೋ ಒಂದು ಕೋನದಲ್ಲಿ ಮಿನುಗಿದರೆ ಒಳಗಿನ ರಿಬ್ಬನ್ ಕೇಬಲ್ ಸೀಳುತ್ತಿದೆ. ಬ್ಯಾಟರಿ ವಯಸ್ಸನ್ನು ಎಷ್ಟೋ ನಿಕಾನ್ ಬಾಡಿಗಳು 0ಯಿಂದ 4ರವರೆಗೆ ತೋರಿಸುತ್ತವೆ, 0 ಅಂದರೆ ಹೊಸದು. ಕ್ಯಾನನ್‌ನ ಕೆಲವು ಬಾಡಿಗಳು ಮೂರು ಹಸಿರು ಗುರುತಿನಲ್ಲಿ ಹೇಳುತ್ತವೆ. ಊದಿದ ಬ್ಯಾಟರಿ ಇದ್ದರೆ ಬಳಸಲೇಬೇಡಿ.

ಲೆನ್ಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆ ಅಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತದೆ, ಬಿಡಿ. ಜೇಡರ ಬಲೆಯ ಹಾಗೆ ಕವಲೊಡೆದ ಸಣ್ಣ ಎಳೆಗಳು ಕಂಡರೆ ಫಂಗಸ್. ಹೊಗೆ ಹಿಡಿದ ಹಾಗೆ ಇಡೀ ಗಾಜು ಮಬ್ಬಾಗಿದ್ದರೆ ಹೇಜ್, ಅಂಥ ಲೆನ್ಸಿನಲ್ಲಿ ಬೆಳಕಿಗೆ ಎದುರಾಗಿ ತೆಗೆದ ಫೋಟೊ ಪೂರ್ತಿ ಪೇಲವವಾಗುತ್ತದೆ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಅವು ನಿಧಾನವಾಗಿ ಸಿಕ್ಕಿಕೊಳ್ಳುತ್ತವೆ. ಮುಂದಿನ ಗಾಜಿನ ಮೇಲೆ ಒಂದು ಗೀರು ಇದ್ದರೆ ಫೋಟೊದಲ್ಲಿ ಬಹುತೇಕ ಕಾಣುವುದೇ ಇಲ್ಲ, ಹಿಂದಿನ ಗಾಜಿನ ಗೀರು ಕಾಣುತ್ತದೆ. ಕೊನೆಗೆ ಒಂದು ಇಟ್ಟಿಗೆ ಗೋಡೆಗೆ ನೇರವಾಗಿ ನಿಂತು ಒಂದು ಫೋಟೊ ತೆಗೆದು ನಾಲ್ಕೂ ಮೂಲೆ ಝೂಮ್ ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಬಿದ್ದ ಲೆನ್ಸ್ ಇರಬೇಕು.

ನೀವೇ ಮಾಡಬಹುದಾದ ರಿಪೇರಿ

ಕಾಂಟ್ಯಾಕ್ಟ್ ಕ್ಲೀನ್ ಮಾಡುವುದು ಮೊದಲನೇ ಔಷಧಿ. ಆನ್ ಆಗದ, ಮಧ್ಯೆ ಆಫ್ ಆಗುವ, ಲೆನ್ಸ್ ಗುರುತಿಸದ ಕ್ಯಾಮೆರಾಗಳಲ್ಲಿ ಎಷ್ಟೋ ಇಷ್ಟಕ್ಕೇ ಸರಿಹೋಗುತ್ತವೆ. 99% ಐಸೋಪ್ರೊಪೈಲ್ ಆಲ್ಕೊಹಾಲ್ ಅನ್ನು ಇಯರ್ ಬಡ್ಸ್‌ಗೆ ಸ್ವಲ್ಪವೇ ತಾಗಿಸಿ ಬ್ಯಾಟರಿ ಮತ್ತು ಲೆನ್ಸಿನ ಕಾಂಟ್ಯಾಕ್ಟ್ ಒರೆಸಿ, ಒಣಗಲು ಬಿಡಿ. ಮರಳು ಕಾಗದ ಹಾಕಬೇಡಿ, ಚಿನ್ನದ ಲೇಪ ಹೋಗಿಬಿಡುತ್ತದೆ. ಎಎ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ವಿನೆಗರ್ ಅಥವಾ ನಿಂಬೆ ರಸ ಒಂದು ತೊಟ್ಟು ಬಡ್ಸ್‌ಗೆ ಹಾಕಿ ಮುಟ್ಟಿಸಿದರೆ ಗುಳ್ಳೆ ಬಂದು ಕರಗುತ್ತದೆ, ಆಮೇಲೆ ಆಲ್ಕೊಹಾಲ್‌ನಿಂದ ಒರೆಸಿ. ಅಷ್ಟಾದರೂ ಆನ್ ಆಗಲಿಲ್ಲವಾ? ಬ್ಯಾಟರಿ ಬಾಗಿಲು ಮತ್ತು ಕಾರ್ಡ್ ಬಾಗಿಲಿನ ಹತ್ತಿರ ಒಂದು ಪುಟ್ಟ ಸ್ವಿಚ್ ಇರುತ್ತದೆ, ಬಾಗಿಲು ಮುಚ್ಚಿದಾಗ ಅದು ಒತ್ತಬೇಕು. ಬಾಗಿಲಿನ ಚಿಕ್ಕ ಪ್ಲಾಸ್ಟಿಕ್ ಮೊನೆ ಮುರಿದಿದ್ದರೆ ಒತ್ತುವುದಿಲ್ಲ, ಕ್ಯಾಮೆರಾ ಸತ್ತ ಹಾಗೆ ಕೂತಿರುತ್ತದೆ. ಬಾಗಿಲು ಬದಲಾಯಿಸಿದರೆ ಸಾಕು.

ತಾರೀಖು ಪದೇಪದೇ ಅಳಿಸಿಹೋಗುತ್ತಿದ್ದರೆ ಒಳಗಿನ ಗಡಿಯಾರದ ಸಣ್ಣ ಸೆಲ್ ಖಾಲಿ. ತುಂಬಾ ಕ್ಯಾಮೆರಾಗಳಲ್ಲಿ ಇದು ರೀಚಾರ್ಜ್ ಆಗುವಂಥದ್ದು, ಚಾರ್ಜ್ ಆದ ಬ್ಯಾಟರಿ ಹಾಕಿ ಒಂದೆರಡು ದಿನ ಬಿಟ್ಟು ನೋಡಿ. ಕೆಲವು ಹಳೇ ಕ್ಯಾನನ್‌ಗಳಲ್ಲಿ ಸಿಆರ್2016 ಬಟನ್ ಸೆಲ್ ಇರುತ್ತದೆ, ನೀವೇ ಬದಲಾಯಿಸಬಹುದು.

ಗ್ರಿಪ್ ರಬ್ಬರ್ ಎದ್ದಿದ್ದರೆ ಪೂರ್ತಿ ಬಿಡಿಸಿ, ಹಳೇ ಅಂಟನ್ನು ಆಲ್ಕೊಹಾಲ್‌ನಿಂದ ತೆಗೆದು, ತೆಳುವಾದ ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿ. ಫೆವಿಕ್ವಿಕ್ ಬೇಡ. ಅದರ ಆವಿ ಹತ್ತಿರದ ಗಾಜು, ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ, ಮುಂದೆ ಬಿಚ್ಚಬೇಕಾದರೆ ಕಿತ್ತೇ ಬರಬೇಕು. ಡಯಲ್ ಹಾರಿ ಹಾರಿ ಓಡುತ್ತಿದ್ದರೆ ಆಫ್ ಮಾಡಿ ಎರಡೂ ಕಡೆ ತುಂಬಾ ಸಲ ತಿರುಗಿಸಿ, ಎಷ್ಟೋ ಸಲ ಕಾಂಟ್ಯಾಕ್ಟ್ ತಾನಾಗಿ ಶುಚಿಯಾಗುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ. ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಮಾತ್ರ ಹತ್ತಿರ ತರಬೇಡಿ.

ಲೆನ್ಸ್ ಬಿಚ್ಚಲಾಗದ ಪುಟ್ಟ ಪಾಯಿಂಟ್ ಆಂಡ್ ಶೂಟ್‌ಗಳಲ್ಲಿ ಲೆನ್ಸ್ ಎರರ್ ಅಂತ ಬಂದು ಝೂಮ್ ಅರ್ಧಕ್ಕೆ ನಿಂತರೆ ಹೆಚ್ಚಿನ ಸಲ ಮರಳು ಸಿಕ್ಕಿರುತ್ತದೆ, ಇಲ್ಲ ಬಿದ್ದು ನಳಿಗೆ ಓರೆಯಾಗಿರುತ್ತದೆ. ಬ್ಯಾಟರಿ ತೆಗೆದು, ಲೆನ್ಸ್ ಕೆಳಗೆ ಮಾಡಿ, ನಳಿಗೆಯ ಸಂದಿನ ಸುತ್ತ ಬ್ಲೋವರ್‌ನಿಂದ ಊದಿ. ತೆಳು ಕಾಗದದ ಪಟ್ಟಿಯನ್ನು ಸಂದಿನಲ್ಲಿ ಸುತ್ತಲೂ ಆಡಿಸಿ. ಜೋರು ಮಾಡಿ ಒಳಗೆ ತಳ್ಳಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುತ್ತದೆ.

ಸೆನ್ಸರ್ ಕ್ಲೀನ್ ಮಾಡಲು ಜನ ಹೆದರುತ್ತಾರೆ. ನೀವು ಮುಟ್ಟುವುದು ಸೆನ್ಸರನ್ನಲ್ಲ, ಅದರ ಮೇಲಿನ ಗಾಜನ್ನು. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಮೆನುವಿನ ಸೆನ್ಸರ್ ಕ್ಲೀನಿಂಗ್ ಆಯ್ಕೆಯಿಂದಲೇ ಮಿರರ್ ಎತ್ತಿಸಿ, ಬಲ್ಬ್ ಮೋಡ್‌ನಲ್ಲಿ (ಬಟನ್ ಒತ್ತಿದಷ್ಟು ಹೊತ್ತು ಶಟರ್ ತೆರೆದಿರುವ ಮೋಡ್) ಬೆರಳು ಒತ್ತಿಕೊಂಡು ಮಾಡಬೇಡಿ, ಬೆರಳು ಜಾರಿದರೆ ಶಟರ್ ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ) ಮೇಲೇ ಬೀಳುತ್ತದೆ. ಮೊದಲು ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿ ಮತ್ತೆ ಫೋಟೊ ತೆಗೆದು ನೋಡಿ, ಹೆಚ್ಚಿನ ಧೂಳು ಇಷ್ಟಕ್ಕೇ ಹೋಗಿರುತ್ತದೆ. ಬಾಯಿಂದ ಊದಬೇಡಿ, ಡಬ್ಬಿಯ ಗಾಳಿಯೂ ಬೇಡ, ಅದರೊಳಗಿನ ದ್ರವ ಚಿಮ್ಮಿ ಕಲೆಯಾಗುತ್ತದೆ. ಉಳಿದ ಕಲೆಗೆ ಸ್ವಾಬ್, ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ 24 ಮಿ.ಮೀ., ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿಗೆ 16 ಮಿ.ಮೀ. ಅಗಲದ್ದು. ಸೆನ್ಸರಿಗೆಂದೇ ಮಾಡಿದ ದ್ರವ ಎರಡು ಹನಿ ಹಾಕಿ, ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಎಳೆತ, ಸ್ವಾಬ್ ತಿರುವಿ ವಾಪಸ್ ಒಂದು ಎಳೆತ, ಆಮೇಲೆ ಎಸೆಯಿರಿ. ಎರಡನೇ ಸಲ ಬಳಸಿದರೆ ಅದೇ ಕಸ ಗೀರಾಗುತ್ತದೆ. ಫೋಟೊದ ಮೇಲ್ಭಾಗದಲ್ಲಿ ಕಂಡ ಕಲೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಎಡ ಬಲ ಮಾತ್ರ ಮುಂದಿನಿಂದ ನೋಡಿದಾಗ ಹಾಗೇ ಇರುತ್ತದೆ. ಮಿರರ್ ಮತ್ತು ಅದರ ಮೇಲಿನ ಫೋಕಸಿಂಗ್ ಸ್ಕ್ರೀನ್‌ಗೆ (ವ್ಯೂಫೈಂಡರ್‌ನಲ್ಲಿ ಚಿತ್ರ ಮೂಡುವ ಹಾಳೆ) ಸ್ವಾಬ್ ಮುಟ್ಟಿಸಬೇಡಿ, ಮಿರರಿನ ಲೇಪ ಮೇಲ್ಮೈಯಲ್ಲೇ ಇರುತ್ತದೆ, ಸ್ಕ್ರೀನ್ ಮೆತ್ತನೆ ಪ್ಲಾಸ್ಟಿಕ್. ಎರಡಕ್ಕೂ ಗಾಳಿ ಮಾತ್ರ.

ಬಾಡಿ ಬಿಚ್ಚುವ ವಿಷಯಕ್ಕೆ ಬಂದರೆ ನನ್ನ ಮಾತು ಗಟ್ಟಿ. ಒಳಗೆ ಫ್ಲ್ಯಾಶ್ ಇರುವ ಯಾವ ಕ್ಯಾಮೆರಾವನ್ನೂ ಅನುಭವ ಇಲ್ಲದೆ ಬಿಚ್ಚಬೇಡಿ. ಫ್ಲ್ಯಾಶ್ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ತುಂಬಾ ಹೊತ್ತು ಹಾಗೇ ಉಳಿದಿರುತ್ತದೆ. ಶಟರ್ ಬದಲಾವಣೆ, ಮಿರರ್ ಹೊಂದಾಣಿಕೆ, ಲೆನ್ಸಿನ ಒಳಗಿನ ಫಂಗಸ್, ಇವು ಕಸುಬು ಗೊತ್ತಿದ್ದವರ ಕೆಲಸ. ಫಂಗಸ್ ಹೊಸದಾಗಿದ್ದರೆ ಒರೆಸಿ ತೆಗೆಯುತ್ತಾರೆ, ಹಳೆಯದಾಗಿ ಗಾಜಿನ ಲೇಪ ತಿಂದಿದ್ದರೆ ಗುರುತು ಉಳಿದೇ ಉಳಿಯುತ್ತದೆ. ಅದು ಮತ್ತೆ ಬಾರದಿರಲು ಡ್ರೈ ಕ್ಯಾಬಿನೆಟ್ ಅಥವಾ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ತೇವಾಂಶ 40ರಿಂದ 50% ನಡುವೆ ಇಟ್ಟುಕೊಳ್ಳಿ. ಅಗ್ಗದ ತೇವಾಂಶ ಮೀಟರ್ ಒಂದು ಒಳಗಿರಲಿ.

ರಿಪೇರಿಗೆ ಕೊಡುವ ಮುಂಚೆ ಅದೇ ಮಾಡೆಲಿನ ಇನ್ನೊಂದು ಬಾಡಿ ಎಷ್ಟಕ್ಕೆ ಸಿಗುತ್ತದೆ ವಿಚಾರಿಸಿ. ಶಟರ್ ಬದಲಾವಣೆಯ ಖರ್ಚು ಅದರ ಅರ್ಧ ದಾಟಿದರೆ ನಾನಾದರೆ ಮಾಡಿಸುವುದಿಲ್ಲ, ಪಾರ್ಟ್ಸ್‌ಗೆ ಅಂತ ಇಟ್ಟುಕೊಳ್ಳುತ್ತೇನೆ. ಮಾಡಿಸಿದರೆ ತೆಗೆದ ಹಳೇ ಭಾಗ ಕೇಳಿ ತೆಗೆದುಕೊಳ್ಳಿ, ಕ್ಯಾಮೆರಾ ಕೈಗೆ ಬಂದ ದಿನವೇ ಮೇಲೆ ಹೇಳಿದ ಬಿಳಿ ಗೋಡೆಯ ಎರಡೂ ಪರೀಕ್ಷೆ ಮತ್ತೆ ಮಾಡಿ. ಶಟರ್ ಬದಲಾಯಿಸಿ ಬಂದ ಬಾಡಿಯಲ್ಲಿ ಹೊಸ ಗ್ರೀಸ್ ಮೊದಲ ಕೆಲವು ನೂರು ಫೋಟೊವರೆಗೆ ಸೆನ್ಸರ್ ಮೇಲೆ ಸಿಡಿಯಬಹುದು. ಅಷ್ಟನ್ನು ಮನೆಯಲ್ಲೇ ಸುಮ್ನೆ ಓಡಿಸಿ, ಒಮ್ಮೆ ಸ್ವಾಬ್ ಮಾಡಿ, ಆಮೇಲೆ ಕೆಲಸಕ್ಕೆ ತೆಗೆದುಕೊಂಡು ಹೋಗಿ.